ನಾಲ್ಕು ಬಣ್ಣದ ಹಾಳೆ

ಆಕೆಯ ಫೋಟೋಗೆ ಹಾರ ಹಾಕಿದ ದಿನ ಐದು ನಿಮಿಷ ಮಾತಾಡಿ ಎಂದು ನನ್ನನ್ನೇ ನಿಲ್ಲಿಸಿದರು. ನರ್ಸಿಂಗ್ ಹೋಂ ನನ್ನದು, ಇಪ್ಪತ್ತೆರಡು ವರ್ಷ ಆಕೆಯ ಜೊತೆ ರೌಂಡ್ಸ್ ಮಾಡಿದವನೂ ನಾನೇ. ಇನ್ಯಾರು ಮಾತಾಡಬೇಕು? ನಿಷ್ಠೆ, ಸೇವೆ, ತಾಯಿಕರುಳು ಎಂದೆಲ್ಲ ಹೇಳಿ ಕೂತೆ. ವಾರ್ಡಿನ ಹುಡುಗಿಯರು ಕಣ್ಣೊರೆಸಿಕೊಂಡರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಅದು ನನ್ನ ಮಾತಲ್ಲ. ನನ್ನ ಮಾತು ಇಷ್ಟೇ: ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇತ್ತು ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಈಗಲೂ ಇದೆ.

ನಾನು ಗುಬ್ಬಿಯವನು. ತೆಂಗಿನ ತೋಟದ ಮನೆಯಿಂದ ಬಂದು ಎಂ.ಡಿ. ಮಾಡಿದವನು, ಅದೂ ಚಿನ್ನದ ಪದಕದೊಂದಿಗೆ. ಪದಕ ನನ್ನ ಕೋಣೆಯ ಗೋಡೆಯ ಮೇಲಿದೆ. ಒಳಗೆ ಬಂದವರಿಗೆ ಮೊದಲು ಕಾಣುವುದೇ ಅದು. ಆಕೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದ ಹಳ್ಳಿಯವಳು, ಮೂರು ವರ್ಷದ ನರ್ಸಿಂಗ್ ಓದಿ ಬಂದ ಸ್ಟಾಫ್ ನರ್ಸ್. ಹೀಗಿದ್ದೂ ತುಮಕೂರಿನಲ್ಲಿ ನನ್ನ ಆಸ್ಪತ್ರೆಗೆ ಬರುವ ಜನ ಮೊದಲು ಕೇಳುತ್ತಿದ್ದದ್ದು ದೊಡ್ಡ ಸಿಸ್ಟರ್ ಡ್ಯೂಟಿಯಲ್ಲಿ ಇದ್ದಾರಾ ಎಂದು. ಇದ್ದಾರೆ ಅಂದರೆ ಚೀಟಿ ಮಾಡಿಸುತ್ತಿದ್ದರು. ಇಲ್ಲ ಅಂದರೆ ನಾಳೆ ಬರ್ತೀವಿ ಎಂದು ಎದ್ದು ಹೋದವರನ್ನು ನಾನು ನನ್ನ ಕಿಟಕಿಯಿಂದಲೇ ನೋಡಿದ್ದೇನೆ. ಒಮ್ಮೆಯಾದರೂ, ಒಂದೇ ಒಂದು ಸಲವಾದರೂ, ರೋಗಿಯಲ್ಲಿ ಇರುವುದನ್ನು ಆಕೆ ಹೇಳುವ ಮೊದಲು ನಾನು ಹೇಳಬೇಕು ಎಂಬುದು ನನ್ನ ಹಟವಾಗಿಬಿಟ್ಟಿತ್ತು. ಆ ಒಂದು ಸಲ ಬಂತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಆಕೆಯದು ಗಿಡ್ಡ ಆಳು. ದಪ್ಪ ಗಾಜಿನ ಕನ್ನಡಕ. ನಡಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ಯೂನಿಫಾರಂ ಜೇಬಿನಲ್ಲಿ ಒತ್ತಿದರೆ ಒಂದೊಂದು ಬಣ್ಣ ಬರುವ ದಪ್ಪ ಪೆನ್ನು. ಶಾಲೆ ಮಕ್ಕಳು ಇಟ್ಟುಕೊಳ್ಳುವಂಥದ್ದು. ಅದನ್ನು ನೋಡಿ ನಾನು ಮೊದಲ ವಾರವೇ ನಕ್ಕಿದ್ದೆ.

ನಮ್ಮಲ್ಲಿ ಜ್ವರಕ್ಕೆ ಒಂದು ಪುಸ್ತಕ, ಬಿ.ಪಿ.ಗೆ ಇನ್ನೊಂದು, ಮೂತ್ರದ ಅಳತೆ ಆಯಾ ಬರೆಯುವ ಚೀಟಿಯಲ್ಲಿ, ಲ್ಯಾಬ್ ರಿಪೋರ್ಟು ಫೈಲಿನಲ್ಲಿ. ಎಲ್ಲ ಕಡೆಯೂ ಹೀಗೇ ಇರುತ್ತದೆ, ನಾನು ಕಲಿತದ್ದೂ ಹೀಗೇ. ಆಕೆ ಬಂದ ತಿಂಗಳಲ್ಲೇ ಚೌಕುಳಿ ಹಾಳೆ ತರಿಸಿ, ಹಾಸಿಗೆಗೆ ಒಂದರಂತೆ ಇಟ್ಟಳು. ಕೆಂಪು ಜ್ವರಕ್ಕೆ, ನೀಲಿ ನಾಡಿಗೆ, ಹಸಿರು ಉಸಿರಿಗೆ, ಕಪ್ಪು ಮೂತ್ರಕ್ಕೆ. ಬಿ.ಪಿ. ಮೇಲಿನದು ಕೆಳಗಿನದು ಎರಡನ್ನೂ ಸಣ್ಣ ಕಡ್ಡಿಯಂತೆ ಎಳೆದು ನಡುವಿನ ಅಂತರ ತೋರಿಸುತ್ತಿದ್ದಳು. ಎಲ್ಲವೂ ಒಂದೇ ಹಾಳೆಯಲ್ಲಿ, ಗಂಟೆಯ ಪ್ರಕಾರ, ಒಂದರ ಕೆಳಗೊಂದು. ಪುಸ್ತಕಗಳು ಇದ್ದೇ ಇವೆ, ಇದು ಯಾಕೆ ಡಬಲ್ ಕೆಲಸ ಎಂದು ಕೇಳಿದೆ.

"ಒಂದೊಂದನ್ನೇ ಕರ್ದು ಕೇಳಿದ್ರೆ ಎಲ್ಲ ಚೆನ್ನಾಗೇ ಇದೀನಿ ಅಂತವೆ ಸಾರ್. ಒಟ್ಟಿಗೆ ಕೂರ್ಸಿ ಕೇಳ್ಬೇಕು" ಎಂದಳು.

ಹಾಳೆಯ ಇನ್ನೊಂದು ಕ್ರಮ ನನಗೆ ವಿಚಿತ್ರವಾಗಿ ಕಂಡಿತು. ರೋಗಿಯ ಹೆಸರನ್ನು ಆಕೆ ಮುಂಭಾಗದಲ್ಲಿ ಬರೆಯುತ್ತಲೇ ಇರಲಿಲ್ಲ. ಹೆಸರು, ವಯಸ್ಸು, ಊರು ಎಲ್ಲ ಹಾಳೆಯ ಹಿಂದೆ. ಮೊದಲು ಗೆರೆ ಓದಬೇಕು, ಏನು ಅನ್ನಿಸಿತು ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ತಿರುಗಿಸಿ ಯಾರದೆಂದು ನೋಡಬೇಕು. ಹೆಸರು ಮೊದಲೇ ಕಂಡರೆ ಮನಸ್ಸು ವಾಲುತ್ತದೆ ಎಂಬುದು ಆಕೆಯ ವಾದ. ಎಮ್ಮೆಲ್ಲೆ ಕಡೆಯವರು ಅಂದರೆ ಭಯ, ಕುಡುಕ ಅಂದರೆ ತಾತ್ಸಾರ, ನೆಂಟರಾದರೆ ಎಲ್ಲ ಸರಿಯಿದೆ ಎಂಬ ಆಸೆ. ಡ್ಯೂಟಿ ಡಾಕ್ಟರುಗಳಿಗೆಲ್ಲ ಇದನ್ನೇ ರೂಢಿ ಮಾಡಿಸಿದಳು. ತಿರುಗಿಸದೆ ಯಾರಾದರೂ ಹೊರಟರೆ ಕರೆದು ಬೈಯುತ್ತಿದ್ದಳು, ಅಳತೆ ಮರೆತರೂ ಅಷ್ಟು ಬೈಯುತ್ತಿರಲಿಲ್ಲ. ಎಂ.ಬಿ.ಬಿ.ಎಸ್. ಮಾಡಿದವರು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು.

ಇದನ್ನೆಲ್ಲ ಎಲ್ಲಿ ಕಲಿತಳು ಎಂಬುದು ನನ್ನನ್ನು ಕಾಡುತ್ತಿತ್ತು. ಯಾವುದಾದರೂ ದೊಡ್ಡ ಆಸ್ಪತ್ರೆ, ಯಾರಾದರೂ ಹೆಸರಾದ ಡಾಕ್ಟರ ಕೈಕೆಳಗೆ ಎಂದಿದ್ದರೆ ಸಮಾಧಾನವಾಗುತ್ತಿತ್ತು. ಆಕೆಯ ಅಪ್ಪ ಕುಣಿಗಲ್ಲಿನಲ್ಲಿ ಕುದುರೆ ಲಾಯದ ಕೆಲಸದಲ್ಲಿದ್ದವರಂತೆ. ಬೆಳಿಗ್ಗೆ ಲಾಯಕ್ಕೆ ಹೋದರೆ ಕುದುರೆಯನ್ನು ಮುಟ್ಟುವ ಮೊದಲು ಬಾಗಿಲಲ್ಲೇ ನಿಂತು ಪಕ್ಕೆ ಹೇಗೆ ಏರಿಳಿಯುತ್ತಿದೆ, ಲದ್ದಿ ಎಷ್ಟು ಬಿದ್ದಿದೆ, ನೀರಿನ ತೊಟ್ಟಿ ಎಷ್ಟು ಇಳಿದಿದೆ ಎಂದು ನೋಡಿ, ಒಳಗೆ ಹೋಗಿ ಕಿವಿಯ ಬುಡ ಮುಟ್ಟಿ, ಆಮೇಲೆ ಮಾತಾಡುತ್ತಿದ್ದರಂತೆ. ಮಗಳು ರಜದ ದಿನ ಜೊತೆಗೆ ಹೋಗುತ್ತಿದ್ದಳು, ಅಷ್ಟೇ. ಚಿನ್ನದ ಪದಕ ಗೋಡೆಯ ಮೇಲಿರುವವನು ಲಾಯದಲ್ಲಿ ಕಲಿತವಳ ಮುಂದೆ ಸೋಲುವುದೆಂದರೆ ಮೈ ಉರಿಯದೆ ಇರುತ್ತದೆಯೇ?

ಒಂದು ವರ್ಷ ನನ್ನ ಚಿಕ್ಕಪ್ಪನ ಮೊಮ್ಮಗಳನ್ನು ಗುಬ್ಬಿಯಿಂದ ತಂದು ಸೇರಿಸಿದ್ದರು. ಬಿ.ಕಾಂ. ಓದುವ ಹುಡುಗಿ, ಡೆಂಗ್ಯೂ. ನಾಲ್ಕು ದಿನ ಸುಟ್ಟ ಜ್ವರ ಐದನೆಯ ದಿನ ಬೆಳಗಾಗುವಷ್ಟರಲ್ಲಿ ಇಳಿಯಿತು. ಜ್ವರದ ಪುಸ್ತಕ ನೋಡಿದೆ, ಚೆನ್ನಾಗಿದೆ. ಪ್ಲೇಟ್‌ಲೆಟ್ ನೋಡಿದೆ, ಪರವಾಗಿಲ್ಲ. ಬಿ.ಪಿ. ಪುಸ್ತಕ ನೋಡಿದೆ, ಗಾಬರಿ ಪಡುವಂಥದ್ದೇನಿಲ್ಲ. ಮಧ್ಯಾಹ್ನ ಕರ್ಕೊಂಡ್ ಹೋಗಿ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಆಗಲೇ ಕಾರಿಗೆ ಫೋನು ಮಾಡಿದರು, ಚಿಕ್ಕಮ್ಮ ದೇವರಾಯನದುರ್ಗದ ನರಸಿಂಹನಿಗೆ ಕಾಣಿಕೆ ಕಟ್ಟಿದ್ದನ್ನು ಬಿಚ್ಚಲು ಹೊರಟರು.

ಆಕೆ ಹಾಳೆ ತಂದು ನನ್ನ ಮುಂದೆ ಹಿಡಿದಳು.

"ಜ್ವರ ಇಳಿದ್ರೆ ನಾಡಿನೂ ಜೊತೆಗೆ ಇಳೀಬೇಕಲ್ವಾ ಸಾರ್? ಇಲ್ಲಿ ಎರಡೂ ಒಂದನ್ನೊಂದು ದಾಟ್ಬಿಟ್ಟವೆ."

ಕೆಂಪು ಇಳಿದಿತ್ತು, ನೀಲಿ ಏರಿತ್ತು, ಬೆಳಗಿನ ಜಾವದ ಚೌಕದಲ್ಲಿ ಎರಡೂ ಕತ್ತರಿಯಾಗಿದ್ದವು. ಬಿ.ಪಿ.ಯ ಕಡ್ಡಿಗಳು ಗಂಟೆಗೊಮ್ಮೆ ಗಿಡ್ಡವಾಗುತ್ತ ಬಂದಿದ್ದವು. ಕಪ್ಪು ಗೆರೆ ಬೆಳಿಗ್ಗೆಯಿಂದ ನೆಲ ಬಿಟ್ಟು ಎದ್ದಿರಲಿಲ್ಲ. ಡೆಂಗ್ಯೂವಿನಲ್ಲಿ ಜ್ವರ ಬಿಟ್ಟ ಹೊತ್ತೇ ಅಪಾಯದ ಹೊತ್ತು, ರಕ್ತನಾಳದೊಳಗಿನ ನೀರು ಹೊರಕ್ಕೆ ಸೋರುವುದು ಆಗಲೇ ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದವನು. ಮೂರು ಪುಸ್ತಕ ಬೇರೆ ಬೇರೆ ತೆರೆದು ನೋಡಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಚಿಕ್ಕಪ್ಪನ ಎದುರಿಗೆ ಮುಖ ಉಳಿಸಿಕೊಳ್ಳಬೇಕಲ್ಲ, ಯಾವುದಕ್ಕೂ ಇವತ್ತು ಇರಲಿ ಎಂದು ನನ್ನದೇ ಯೋಚನೆ ಎಂಬಂತೆ ಹೇಳಿದೆ. ಮೂರು ಗಂಟೆಗೆ ಹುಡುಗಿಯ ಕೈಕಾಲು ತಣ್ಣಗಾದವು. ಡ್ರಿಪ್ ಸಿದ್ಧವಿತ್ತು, ನಾವು ಪಕ್ಕದಲ್ಲೇ ಇದ್ದೆವು, ಉಳಿಯಿತು. ಕಾರಿನಲ್ಲಿ ಗುಬ್ಬಿಗೆ ಹೋಗಿದ್ದರೆ ಉಳಿಯುತ್ತಿರಲಿಲ್ಲ.

ಹುಡುಗಿ ಬದುಕಿತು ಎಂದು ನನಗೆ ಸಂತೋಷವಾಯಿತು, ನಾನೇನು ರಾಕ್ಷಸನಲ್ಲ. ಆದರೆ ಮುಂದಿನ ತಿಂಗಳು ಗುಬ್ಬಿಯ ಮದುವೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಿಕ್ಕಪ್ಪ ಹತ್ತು ಜನಕ್ಕೆ ಕೇಳುವಂತೆ ಹೇಳಿದರು. "ನೀನು ಮನೀಗ್ ಕಳಿಸ್ಬುಡ್ತಿದ್ದೆ ಕಣ್ಲಾ. ಆ ಸಿಸ್ಟ್ರಮ್ಮ ಇದ್ದಿದ್ದಕ್ಕೆ ಕೂಸು ಉಳ್ಕಂತು." ಹೋಳಿಗೆಗೆ ತುಪ್ಪ ಹಾಕಲು ಬಂದವರಿಗೆ ಬೇಡ ಎಂದು ಕೈ ಅಡ್ಡ ಹಿಡಿದೆ.

ಆ ಸಲ ತುಮಕೂರಿಗೆ ವಾಪಸು ಬಂದವನು ಬಿ.ಎಚ್. ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಅಂಥದ್ದೇ ನಾಲ್ಕು ಬಣ್ಣದ ಪೆನ್ನು ಕೊಂಡೆ. ಮಗಳಿಗೆ ಎಂದು ಅಂಗಡಿಯವನಿಗೆ ಸುಳ್ಳು ಹೇಳಿದೆ. ಅವನು ಕೇಳಿರಲಿಲ್ಲ. ಭಾನುವಾರಗಳಲ್ಲಿ ಹಳೆಯ ಕೇಸುಗಳ ಅಂಕಿಗಳನ್ನು ಮನೆಗೆ ತಂದು ನಾನೇ ಗೆರೆ ಎಳೆದು ಓದುವ ಅಭ್ಯಾಸ ಮಾಡಿದೆ. ಬಂತು, ಇಲ್ಲ ಎನ್ನಲಾರೆ. ಆದರೆ ನನಗೆ ಹಾಳೆ ಬೇಕು, ಸಮಯ ಬೇಕು. ಆಕೆ ವಾರ್ಡಿನ ಬಾಗಿಲಲ್ಲಿ ನಿಂತೇ ಅರ್ಧ ಓದಿ ಮುಗಿಸಿರುತ್ತಿದ್ದಳು.

ಕೊನೆಗೆ ಮಿಷನ್ನಿನಿಂದಲಾದರೂ ಬಗ್ಗುಬಡಿಯೋಣ ಎಂದು ಹೊಸ ಮಾನಿಟರುಗಳನ್ನು ತರಿಸಿದೆ. ಇ.ಸಿ.ಜಿ., ಆಮ್ಲಜನಕ, ಉಸಿರು, ಬಿ.ಪಿ., ಜ್ವರ ಎಲ್ಲ ಒಂದೇ ಪರದೆಯಲ್ಲಿ. ಎಲ್ಲವನ್ನೂ ಕೂಡಿಸಿ ರೋಗಿ ಎಷ್ಟು ಅಪಾಯದಲ್ಲಿದ್ದಾನೆ ಎಂದು ತಾನೇ ಒಂದು ಅಂಕ ಕೊಡುತ್ತದೆ, ಕೆಟ್ಟರೆ ಕೂಗುತ್ತದೆ. ಇನ್ನು ನಿಮ್ಮ ಹಾಳೆ ಬೇಕಾಗಿಲ್ಲ ಸಿಸ್ಟರ್ ಎಂದು ಎಲ್ಲರ ಮುಂದೆ ಹೇಳಿದೆ. ಮುಖ ಸಣ್ಣದಾಗುತ್ತದೆ ಎಂದು ಕಾದೆ. ಆಕೆಗೆ ಹಬ್ಬದ ಸಡಗರ. ಇದಕ್ಕೆ ನಿದ್ದೆ ಬರಲ್ವಲ್ಲ ಸಾರ್ ಎಂದು ಪರದೆ ಸವರಿದಳು, ಕುಂಕುಮದ ಪೊಟ್ಟಣ ತಂದು ಅದರ ಕೆಳಗಿಟ್ಟಳು. ವಾರದೊಳಗೆ ನನಗಿಂತ ಚೆನ್ನಾಗಿ ಬಳಸುತ್ತಿದ್ದಳು. ಒಂದು ದಿನ ಒಬ್ಬ ಮುದುಕಿಯ ಮಿಷನ್ನು ಆಮ್ಲಜನಕ ಬಿತ್ತು ಎಂದು ಅರಚಿಕೊಂಡಿತು. ನಾನು ಓಡಿ ಬಂದು ಮಾಸ್ಕು ಹಾಕಿಸಿ, ಸಾಮಾನು ತನ್ನಿ ಎಂದು ಕೂಗಾಡುತ್ತಿದ್ದೆ. ಆಕೆ ಮುದುಕಿಯ ಬೆರಳನ್ನು ತನ್ನ ಎರಡೂ ಅಂಗೈಯ ನಡುವೆ ಹಿಡಿದು ಉಜ್ಜಿದಳು. ಬೆರಳು ತಣ್ಣಗಿತ್ತು, ಅದಕ್ಕೇ ಅದರ ಮೇಲಿನ ಕ್ಲಿಪ್ಪು ತಪ್ಪು ತೋರಿಸಿತ್ತು, ಅಷ್ಟೇ. ಮುದುಕಿ ಮಾಸ್ಕಿನೊಳಗಿಂದ ನನ್ನನ್ನು ನೋಡಿ ನಕ್ಕಳು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಷ್ಟೆಲ್ಲ ಹೇಳಿದ ಮೇಲೆ ಆಕೆಯನ್ನು ದೇವತೆ ಎಂದುಕೊಳ್ಳಬೇಡಿ. ಬಾಯಿ ಜೋರು. ಯಾರ ಮುದ್ದೆ ಡಬ್ಬಿಯಾದರೂ ಸರಿ, ಕೇಳದೆ ಅರ್ಧ ಮುರಿದುಕೊಳ್ಳುತ್ತಿದ್ದಳು, ತಾನು ತಂದದ್ದನ್ನು ಯಾರೂ ಬಾಯಿಗಿಡುವಂತಿರಲಿಲ್ಲ. ಕಿರಿಯ ನರ್ಸುಗಳನ್ನು ಅಳಿಸುತ್ತಿದ್ದಳು. ಯಾರ ಮನೆಯ ವಿಷಯದಲ್ಲೂ ಮೂಗು ತೂರಿಸುತ್ತಿದ್ದಳು. ತನಗಾಗಿ ಮಾತ್ರ ಏನನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ರಜ ಬೇಕಾದರೆ ಅರ್ಜಿಯನ್ನು ನನ್ನ ಟೇಬಲ್ಲಿನ ತುದಿಯಲ್ಲಿಟ್ಟು ನಿಲ್ಲುತ್ತಿದ್ದಳು. ನಾನಾಗಿ ಏನು ಸಿಸ್ಟರ್ ಎಂದು ಕೇಳುವವರೆಗೆ ಹೇಳುತ್ತಿರಲಿಲ್ಲ. ಅದನ್ನು ನಾನು ಕೊಬ್ಬು ಎಂದೇ ತಿಳಿದಿದ್ದೆ.

ಹೋದ ಮಳೆಗಾಲ ಹಾಸಿಗೆಗಳೆಲ್ಲ ಡೆಂಗ್ಯೂವಿನಿಂದ ತುಂಬಿದ್ದವು. ಒಂದು ಮಧ್ಯಾಹ್ನ ಒ.ಪಿ.ಡಿ. ಮುಗಿದ ಮೇಲೆ ಆಕೆ ನನ್ನ ಕೋಣೆಗೆ ಬಂದು ಒಂದು ಹಾಳೆಯನ್ನು ಟೇಬಲ್ಲಿನ ತುದಿಯಲ್ಲಿಟ್ಟಳು. ನೋಡಿದೆ. ಇದು ವಾರ್ಡಿನ ಹಾಳೆಯಲ್ಲ, ಗಂಟೆಗಳ ಬದಲು ದಿನಗಳಿದ್ದವು, ಒಟ್ಟು ಐದು ವಾರ. ಕೆಂಪಿನಲ್ಲಿ ಜ್ವರದ ಬದಲು ತೂಕ. ನೀಲಿ ನಾಡಿ. ಹಸಿರು, ಮಲಗಿದ್ದಾಗಿನ ಉಸಿರು. ಕಪ್ಪಿನಲ್ಲಿ ಮಲಗಲು ಎಷ್ಟು ದಿಂಬು ಬೇಕಾಗುತ್ತದೆ ಎಂಬ ಲೆಕ್ಕ. ಒಂದರಿಂದ ಎರಡಾಗಿ, ಕೊನೆಯ ವಾರ ಮೂರಾಗಿತ್ತು. ಹಸಿರು ಚುಕ್ಕೆಗಳು ಮಾತ್ರ ಸೊಟ್ಟಸೊಟ್ಟಗಿದ್ದವು. ಕೈ ನಡುಗಲು ಶುರುವಾಯಿತೇನೋ ಇವಳಿಗೆ ಎಂದು ಒಳಗೊಳಗೇ ಹಿಗ್ಗಿದೆ.

ಏನನ್ನಿಸುತ್ತದೆ ಎಂದು ಕೇಳಿದಳು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ತೂಕ ನಾಲ್ಕು ಕೆ.ಜಿ. ಹೆಚ್ಚಿದೆ, ಊಟ ಸೇರಿರಬಹುದು. ನಾಡಿ ತುಸು ಜೋರು, ಸುಸ್ತಿರಬಹುದು. ಒಟ್ಟಿಗೆ ನೋಡಿದೆ, ನಾಲ್ಕೂ ಕೈಕೈ ಹಿಡಿದು ಮೇಲೇರುತ್ತಿದ್ದವು. ನನಗೆ ಅರ್ಧ ನಿಮಿಷ ಸಾಕಾಯಿತು.

"ಇದು ಹಾರ್ಟ್, ಸಿಸ್ಟರ್. ಸೋಲ್ತಾ ಇದೆ. ಮೈಯಲ್ಲಿ ನೀರು ನಿಲ್ತಿದೆ, ಶ್ವಾಸಕೋಶಕ್ಕೂ ಬಂದಿದೆ. ತಡ ಮಾಡಿದ್ರೆ ಈ ಮನುಷ್ಯ ಉಳಿಯಲ್ಲ."

ಆಕೆ ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದಳು. ನನಗೆ ಅನುಮಾನ ಇತ್ತು ಸಾರ್, ನೀವು ಹೇಳಿದ ಮೇಲೆ ಸರಿಹೋಯಿತು ಎಂದಳು. ಅಂದರೆ ಆಕೆಗೆ ಅನುಮಾನ, ನನಗೆ ಖಚಿತ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ! ನಿಮಗೆ ಇಷ್ಟೂ ಗೊತ್ತಾಗಲಿಲ್ಲವಾ ಎಂದು ಕೇಳಿಯೇಬಿಟ್ಟೆ. ಆಕೆ ನಕ್ಕಳು. ಹೋಗಲಿಲ್ಲ, ನಿಂತೇ ಇದ್ದಳು. ನಾನು ಹೋಗಿ ಎಂಬಂತೆ ತಲೆಯಾಡಿಸಿದೆ. ಆಕೆ ಹಾಳೆಗೆ ಕೈ ಚಾಚಿದಾಗ ಇದು ಇಲ್ಲೇ ಇರಲಿ ಎಂದು ತಡೆದೆ. ಟೇಬಲ್ಲಿನ ಗಾಜನ್ನು ಎತ್ತಿ, ಗೆರೆಗಳು ಮೇಲೆ ಬರುವಂತೆ ಅದರಡಿ ಇಟ್ಟೆ.

ಪದಕ ಗೋಡೆಯ ಮೇಲೆ, ಹಾಳೆ ಗಾಜಿನ ಕೆಳಗೆ. ಆಕೆ ದಿನಾ ಎರಡು ಸಲ ಸಹಿಗೆ ಬರುತ್ತಿದ್ದಳು, ಬಂದಾಗಲೆಲ್ಲ ಕಣ್ಣು ಆ ಹಾಳೆಯ ಮೇಲೆ ಬೀಳುತ್ತಿತ್ತು. ನನಗೆ ಬೇಕಾಗಿದ್ದದ್ದೂ ಅದೇ. ಗೆದ್ದ ಖುಷಿಯಲ್ಲಿ ನಾನು ಉದಾರಿಯೂ ಆದೆ. ಸೀಸನ್ ಮುಗಿಯುವವರೆಗೆ ಕೆಳಗಿನದು ಮೇಲಿನದು ಎರಡೂ ವಾರ್ಡುಗಳ ಉಸ್ತುವಾರಿ ನಿಮ್ಮದೇ ಎಂದು ಆರ್ಡರ್ ಕೊಟ್ಟೆ. ಸರಿ ಸಾರ್ ಎಂದಳು. ಆಮೇಲಾಮೇಲೆ ಲಿಫ್ಟಿಗೆ ಕಾಯುತ್ತಿದ್ದದ್ದನ್ನು ನೋಡಿದೆ. ಕೂತೇ ಹಾಳೆ ಬರೆಯುತ್ತಿದ್ದದ್ದನ್ನು ನೋಡಿದೆ. ಷೂ ಬಿಟ್ಟು ಅಗಲದ ಚಪ್ಪಲಿ ಹಾಕಿದ್ದನ್ನೂ ನೋಡಿದೆ. ಹೊಟ್ಟೆಕಿಚ್ಚಿನವನ ಕಣ್ಣಿಗೆ ಏನೂ ತಪ್ಪಿಸಿಕೊಳ್ಳುವುದಿಲ್ಲ. ವಯಸ್ಸಾಯಿತು, ಇಳಿಯುತ್ತಿದ್ದಾಳೆ ಎಂದು ಲೆಕ್ಕ ಹಾಕಿ ಸಂತೋಷಪಟ್ಟೆ. ಹಾಳೆ ಯಾರದೆಂದು ಕೇಳಬೇಕು ಎಂದು ಒಂದು ದಿನವೂ ತೋಚಲಿಲ್ಲ.

ಹಾಳೆ ಗಾಜಿನಡಿ ಸೇರಿದ ಏಳನೆಯ ವಾರ, ಒಂದು ಭಾನುವಾರ ಊರಿಗೆ ಹೋಗಿದ್ದಾಗ ಆಕೆ ತೀರಿಕೊಂಡಳು. ಹುತ್ರಿದುರ್ಗದಿಂದ ಕುಣಿಗಲ್ಲಿಗೆ ಕಾರಿನಲ್ಲಿ ಕರೆತರುವಾಗ ದಾರಿಯಲ್ಲೇ. ಇದ್ದಕ್ಕಿದ್ದಂತೆ ಹಾರ್ಟ್ ಅಟ್ಯಾಕ್ ಎಂದು ಎಲ್ಲರೂ ಅಂದರು, ನಾನೂ ಅಂದೆ.

ತಿಂಗಳಾದ ಮೇಲೆ ಆಕೆಯ ಗಂಡ ಬಂದ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ ಕೆಲಸ, ಮಾತು ಕಡಿಮೆ. ಲಾಕರಿನಲ್ಲಿದ್ದ ಯೂನಿಫಾರಂ, ಡಬ್ಬಿ ತೆಗೆದುಕೊಂಡು ಹೋಗಲು ಬಂದವನು ಹೇಳಿ ಹೋಗೋಣ ಎಂದು ನನ್ನ ಕೋಣೆಗೆ ಬಂದ. ಕೂರಪ್ಪ ಎಂದೆ. ಕೂತವನು ಗಾಜಿನ ಕೆಳಗೆ ನೋಡಿದ. ಬಗ್ಗಿ ಹತ್ತಿರದಿಂದ ನೋಡಿದ. ಹಸಿರು ಚುಕ್ಕೆಯ ಮೇಲೆ, ಗಾಜಿನ ಮೇಲಿಂದಲೇ, ಬೆರಳಿಟ್ಟ.

"ಈ ಹಸಿರೆಲ್ಲ ನಾನ್ ಹಾಕಿದ್ದು ಸಾರ್. ಮಲ್ಗಿದ್ದಾಗ ತನ್ನುಸ್ರು ತಾನೇ ಎಣ್ಸಕ್ಕಾಗಲ್ಲ, ನೀನೆಣ್ಸು ಅಂದಿದ್ಲು. ಗಡಿಯಾರ ಹಿಡ್ಕಂಡು ಎಣ್ಸಿ ಹಾಕ್ತಿದ್ದೆ. ಸೊಟ್ಟ ಹಾಕ್ತೀಯ ಅಂತ ಬೈಯ್ಯೋಳು."

ನನ್ನ ಕೈ ಟೇಬಲ್ಲಿನ ಮೇಲಿತ್ತು, ಅಲ್ಲೇ ಇತ್ತು. ಆಸ್ಪತ್ರೆಗೆ ಯಾಕೆ ಸೇರಿಸಲಿಲ್ಲ ಎಂದು ಕೇಳಿದೆ. ಕೇಳಿದ್ದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

"ನಾನೂ ಹೇಳ್ದೆ ಸಾರ್, ಬೆಂಗ್ಳೂರಿಗ್ ಹೋಗಣ ಅಂತ. ಡಾಕ್ಟ್ರು ನೋಡವ್ರೆ, ನನ್ ಹಾಳೇನ ಟೇಬಲ್ ಮೇಲೇ ಇಟ್ಕಂಡವ್ರೆ, ದಿನಾ ನೋಡ್ತಾವ್ರೆ, ಹೊರ್ಡು ಅನ್ನೋ ದಿನ ಅವ್ರೇ ಕರ್ದು ಹೇಳ್ತಾರೆ ಅಂದ್ಲು. ಎರಡೂ ವಾರ್ಡ್ ಕೊಟ್ಟವ್ರೆ ಅಂದ್ಮೇಲೆ ಅಂಥಾದ್ದೇನಿರಲ್ಲ ಅನ್ಕಂಡ್ವಿ."

ಎದ್ದು ನಿಂತು ಎರಡೂ ಕೈ ಮುಗಿದ. ಆಕೆಯ ಹಾಳೆಯನ್ನು ಇಷ್ಟು ದಿನ ಕಣ್ಣೆದುರಿಗೆ ಇಟ್ಟುಕೊಂಡಿದ್ದಿರಿ, ಮನೆಯವರೂ ಇಷ್ಟು ಮಾಡುವುದಿಲ್ಲ ಎಂದ. ಕಣ್ಣೊರೆಸಿಕೊಂಡು ಆಕೆಯ ಡಬ್ಬಿ ಎತ್ತಿಕೊಂಡ. ಆ ಹಾಳೆಯ ಹಿಂಭಾಗವನ್ನು ನಾನು ಒಂದು ಸಲವೂ ತಿರುಗಿಸಿ ನೋಡಿಲ್ಲ ಎಂದು ಆತನಿಗೆ ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ.

"ನನ್ ಕೈಲಾದಷ್ಟು ನೋಡ್ದೆ ಕಣಪ್ಪ" ಎಂದೆ.